ಹಳದಿ ಬಟ್ಟಲಿನ ಪಂಕ್ತಿಭೇದ

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅಮ್ಮ ಉಪ್ಪಿನಕಾಯಿ ಜಾಡಿ ಕೊಳ್ಳುವುದನ್ನು ನೋಡಬೇಕಿತ್ತು. ಮೊದಲು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಡುವಳು. ಠಣ್ ಎಂದರೆ ಸರಿ, ಠಕ್ ಎಂದರೆ ಎಲ್ಲೋ ಕೂದಲೆಳೆಯ ಬಿರುಕು. ಆಮೇಲೆ ಒಳಗೆ ಕೈಯಾಡಿಸಿ ಮೆರುಗು ಹತ್ತದೆ ಉಳಿದ ಜಾಗ ಹುಡುಕುವಳು, ಅಂಥಲ್ಲಿ ಉಪ್ಪು ಇಳಿದರೆ ಜಾಡಿ ಕೆಟ್ಟಂತೆ. ಕೊನೆಗೆ ಬುಡ ತಿರುಗಿಸಿ, ಮೆರುಗಿಲ್ಲದ ಒರಟು ಬಳೆಯ ಮೇಲೆ ಹೆಬ್ಬೆರಳು ಸವರುವಳು. ಹಾಂಗ್‌ಕಾಂಗಿನ ಹರಾಜು ಮನೆಯಲ್ಲಿ ಕೋಟಿಗಟ್ಟಲೆ ಬೆಲೆಯ ಚೀನೀ ಪಿಂಗಾಣಿ ಬಟ್ಟಲನ್ನು ಕೈಗೆತ್ತಿಕೊಳ್ಳುವ ಪರಿಣತರೂ ಬಹುತೇಕ ಇದನ್ನೇ ಮಾಡುತ್ತಾರೆ ಎಂದು ಓದಿದಾಗ, ಆ ದೊಡ್ಡ ಪರಂಪರೆಯ ಬಗೆಗಿದ್ದ ನನ್ನ ಅಂಜಿಕೆ ಅರ್ಧ ಕಳೆಯಿತು.

ಚೀನಾದ ಅರಮನೆಗೆಂದೇ ಮಾಡಿದ ಒಂದೇ ಬಣ್ಣದ ಪಿಂಗಾಣಿಯ ಬಗ್ಗೆ ಬರೆಯುವವರು ಸಂಯಮ, ಮೌನ, ಧ್ಯಾನ ಎಂಬ ಮಾತುಗಳನ್ನು ಧಾರಾಳವಾಗಿ ಬಳಸುತ್ತಾರೆ. ಚಿತ್ರವಿಲ್ಲ, ಹೂಬಳ್ಳಿಯಿಲ್ಲ, ಆಕಾರ ಮತ್ತು ಬಣ್ಣ ಎರಡೇ. ಆದ್ದರಿಂದ ಇದು ಸನ್ಯಾಸದ ಕಲೆಯಂತೆ. ನನಗೆ ಇದು ಒಪ್ಪಿಗೆಯಿಲ್ಲ. ಆ ಬಟ್ಟಲುಗಳಲ್ಲಿ ಹೆಚ್ಚಿನವು ಸನ್ಯಾಸಿಯ ಕಮಂಡಲುಗಳಲ್ಲ, ಸರ್ಕಾರಿ ಸಮವಸ್ತ್ರಗಳು.

ಹಳದಿಯನ್ನೇ ನೋಡಿ. ಚಿಂಗ್ ವಂಶದ ಅರಮನೆಯಲ್ಲಿ ಒಳಗೂ ಹೊರಗೂ ಹಳದಿಯಾದ ಬಟ್ಟಲು ರಾಜಮಾತೆಗೆ ಮತ್ತು ಪಟ್ಟದರಸಿಗೆ ಸಲ್ಲುತ್ತಿತ್ತು. ಅವರ ನಂತರದ ಸ್ಥಾನದ ರಾಣಿಗೆ ಹೊರಗೆ ಹಳದಿ, ಒಳಗೆ ಬಿಳಿ. ಅದಕ್ಕೂ ಕೆಳಗಿನವಳಿಗೆ ಹಳದಿ ನೆಲದ ಮೇಲೆ ಹಸಿರು ಡ್ರ್ಯಾಗನ್, ಇನ್ನೂ ಕೆಳಗಿಳಿದರೆ ನೀಲಿ ನೆಲಕ್ಕೆ ಹಳದಿ ಡ್ರ್ಯಾಗನ್, ಆಮೇಲೆ ಹಸಿರಿಗೆ ನೇರಳೆ. ಊಟಕ್ಕೆ ಕೂತವಳ ಕೈಯಲ್ಲಿರುವ ಬಟ್ಟಲು ನೋಡಿದರೆ ಅವಳ ಸ್ಥಾನ ತಿಳಿಯಬೇಕು. ನಮ್ಮಲ್ಲಿ ಎಲ್ಲರಿಗೂ ಬಾಳೆಲೆಯೇ, ಯಾರು ಯಾವ ಸಾಲಿನಲ್ಲಿ ಎನ್ನುವುದರಲ್ಲಿ ತಾರತಮ್ಯ. ಅಲ್ಲಿ ಬಣ್ಣದಲ್ಲೇ ಪಂಕ್ತಿಭೇದ. ದೇವರಿಗೂ ಇದು ತಪ್ಪಲಿಲ್ಲ. ಮಿಂಗ್ ವಂಶದ ಜಿಯಾಜಿಂಗ್ ಚಕ್ರವರ್ತಿಯ ಕಾಲದಲ್ಲಿ, 1530ರಲ್ಲಿ, ಪೂಜೆಯ ಪಾತ್ರೆಗಳಿಗೂ ಬಣ್ಣ ಗೊತ್ತುಮಾಡಿದರು: ಆಕಾಶದ ವೇದಿಕೆಗೆ ನೀಲಿ, ಭೂಮಿಗೆ ಹಳದಿ, ಸೂರ್ಯನಿಗೆ ಕೆಂಪು, ಚಂದ್ರನಿಗೆ ಬಿಳಿ.

ಕೆಲಸದ ದೃಷ್ಟಿಯಿಂದಲೂ ಹಳದಿ ವಿಧೇಯ ಬಣ್ಣ. ಪಾತ್ರೆಯನ್ನು ಮೊದಲು ದೊಡ್ಡ ಉರಿಯಲ್ಲಿ ಸುಟ್ಟು ಗಟ್ಟಿ ಮಾಡಿಕೊಳ್ಳುತ್ತಾರೆ. ಆಮೇಲೆ ಸೀಸದ ಮೆರುಗಿಗೆ ತುಸು ಕಬ್ಬಿಣ ಬೆರೆಸಿ ಹಚ್ಚಿ, ಎರಡನೇ ಸಲ ಸಣ್ಣ ಉರಿಗೆ ಇಡುತ್ತಾರೆ. ಹದ ಗೊತ್ತಿದ್ದವನಿಗೆ ಮೋಸವಾಗುವುದು ಕಡಿಮೆ. 1488ರಿಂದ 1505ರವರೆಗೆ ಆಳಿದ ಹೊಂಗ್‌ಜಿಯ ಕಾಲದ ಹಳದಿಯನ್ನು ಅಭಿಜ್ಞರು ಎಲ್ಲಕ್ಕಿಂತ ಮೇಲೆ ಇಡುತ್ತಾರೆ. ಸಮನಾಗಿದೆ, ನುಣುಪಾಗಿದೆ, ಕೋಳಿಮೊಟ್ಟೆಯ ಭಂಡಾರದಷ್ಟು ತುಂಬಿಕೊಂಡ ಬಣ್ಣ. ಅದನ್ನು ಕಾಪಾಡುವುದು ಬಟ್ಟಲಿನ ಆಕಾರ: ಸಣ್ಣ ಪಾದದಿಂದ ಎದ್ದು, ಹೊಟ್ಟೆ ತುಂಬಿಕೊಂಡು, ತುಟಿಯ ಬಳಿ ತುಸುವೇ ಹೊರಗೆ ಬಾಗುವ ಗೆರೆ. ಬಣ್ಣವನ್ನಷ್ಟೇ ಕೇಳಿದರೆ, ಅದು ನನ್ನೊಡನೆ ಹೆಚ್ಚು ಮಾತಾಡುವುದಿಲ್ಲ.

ಕೆಂಪಿನ ಕತೆಯೇ ಬೇರೆ. ಕೆಂಪು ಬರುವುದು ತಾಮ್ರದಿಂದ. ಮೆರುಗಿನಲ್ಲಿ ತಾಮ್ರ ನೂರಕ್ಕೆ ಒಂದು ಪಾಲೂ ಇರುವುದಿಲ್ಲ. ಆವಿಗೆ 1300 ಡಿಗ್ರಿಯ ಆಸುಪಾಸಿಗೆ ಹೋಗಬೇಕು, ನಡುವೆ ಗಾಳಿ ಕಟ್ಟಿ ಹೊಗೆ ತುಂಬಬೇಕು. ಗಾಳಿ ಹೆಚ್ಚಾದರೆ ತಾಮ್ರ ಹಸಿರಿಗೆ ತಿರುಗುತ್ತದೆ, ಉರಿ ಹೆಚ್ಚಾದರೆ ಬಣ್ಣ ಆವಿಯಾಗಿ ಹಾರಿಹೋಗುತ್ತದೆ, ಹದ ತಪ್ಪಿದರೆ ಯಕೃತ್ತಿನ ಬಣ್ಣದ ಕೊಳಕು ಕಂದು. ಶುವಾಂದೆ ಚಕ್ರವರ್ತಿಯ ಕಾಲದಲ್ಲಿ, ಅಂದರೆ 1426ರಿಂದ 1435ರೊಳಗೆ, ಇದು ಒಲಿದಿತ್ತು. ಆಮೇಲೆ ಕೈಗೆ ಸಿಗದಂತಾಗಿ, ಜಿಯಾಜಿಂಗನ ಕಾಲಕ್ಕೆ ಕಬ್ಬಿಣದ ಕೆಂಪನ್ನು ಮೇಲೆ ಹಚ್ಚಿ ಸುಧಾರಿಸಿಕೊಳ್ಳಬೇಕಾಯಿತು. 1705ರಿಂದ 1712ರವರೆಗೆ ಜಿಯಾಂಗ್‌ಶಿ ಪ್ರಾಂತ್ಯದ ಅಧಿಕಾರಿಯಾಗಿದ್ದ ಲಾಂಗ್ ತಿಂಗ್‌ಜಿಯ ಹೆಸರಿನಲ್ಲಿ ‘ಲಾಂಗ್ ಕೆಂಪು’ ಮತ್ತೆ ಹುಟ್ಟಿತು. ಬಡವನಾಗುವ ಆಸೆಯಿದ್ದರೆ ಲಾಂಗ್ ಕೆಂಪು ಸುಡು ಎಂದು ಪಿಂಗಾಣಿಯ ಊರು ಜಿಂಗ್‌ದೆಜೆನ್‌ನಲ್ಲಿ ಗಾದೆಯೇ ಇದೆ.

ಈ ಬಗೆಯ ಪಾತ್ರೆಯ ತುಟಿಯಲ್ಲಿ ಮೆರುಗು ಕೆಳಗೆ ಹರಿದು ಬಿಳಿ ಅಂಚು ಉಳಿಯುತ್ತದೆ, ಕೆಳಗಿಳಿದಂತೆ ಕೆಂಪು ಗಾಢವಾಗಿ ಪಾದದ ಹತ್ತಿರ ಹೆಪ್ಪುಗಟ್ಟಿದಂತೆ ನಿಲ್ಲುತ್ತದೆ. ಬೆಂಕಿ ಹೇಗೆ ಹರಿಯಿತೆಂದು ಅದರ ಮೈಮೇಲೆ ಓದಬಹುದು. ಲಾಂಗ್ ತಿಂಗ್‌ಜಿ ಇದ್ದ ಅದೇ ಕಾಂಗ್‌ಶಿ ಚಕ್ರವರ್ತಿಯ ಕಾಲದ, ಬರೆಯುವ ಮೇಜಿಗೆ ಮಾಡಿದ ‘ಪೀಚ್ ಹೂವಿನ’ ಕೆಂಪಿನಲ್ಲಂತೂ ಅಲ್ಲಲ್ಲಿ ಪಾಚಿಹಸಿರಿನ ಚುಕ್ಕೆ ಏಳುತ್ತದೆ. ಒಂದರಂತೆ ಇನ್ನೊಂದಿಲ್ಲ. ಒಂದೇ ಬಣ್ಣ ಎಂಬ ಹೆಸರೇ ಇಲ್ಲಿ ಸುಳ್ಳಾಗುತ್ತದೆ. ಈ ಪರಂಪರೆಯ ಗಟ್ಟಿ ಕೃತಿಗಳೆಲ್ಲ ಹೀಗೆ ಆಜ್ಞೆಯನ್ನು ತುಸು ಮೀರಿದವು ಎಂಬುದು ನನ್ನ ತೀರ್ಮಾನ.

ಆದರೆ ಅರಮನೆಯ ಆವಿಗೆ ಎಲ್ಲ ಮೀರುವಿಕೆಯನ್ನೂ ಸಹಿಸುತ್ತಿರಲಿಲ್ಲ. ಜಿಂಗ್‌ದೆಜೆನ್‌ನ ಜೂಶಾನ್ ದಿಬ್ಬದಲ್ಲಿ 1980ರ ದಶಕದಿಂದ ನಡೆದ ಅಗೆತದಲ್ಲಿ, ಮಿಂಗ್ ಕಾಲದಲ್ಲಿ ತಿರಸ್ಕರಿಸಿ ಒಡೆದು ಹೂತ ಪಾತ್ರೆಗಳು ಗುಂಡಿಗಟ್ಟಲೆ ಸಿಕ್ಕವು. ಅರಮನೆಗೆ ಹೋಗದ್ದು ಪೇಟೆಗೂ ಹೋಗಬಾರದು! ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ನಮ್ಮ ಮಾತನ್ನು ಅಲ್ಲಿ ಸರ್ಕಾರವೇ ನಿಯಮ ಮಾಡಿಕೊಂಡಿತ್ತು. ಆ ಊರಿನ ಬೆಂಕಿದೇವರು ಕೂಡ ಕುಂಬಾರನೇ. ಅರಮನೆ ಕೇಳಿದ ದೊಡ್ಡ ಹಂಡೆ ಎಷ್ಟು ಸುಟ್ಟರೂ ಕೈಗೂಡದೆ, ತೊಂಗ್ ಬಿನ್ ಎಂಬವನು ಆವಿಗೆಗೆ ಹಾರಿದ ಮೇಲೆ ಸರಿಯಾಯಿತಂತೆ. ನಮ್ಮ ಜನಪದ ಹಾಡಿನ ಭಾಗೀರಥಿ ಕೆರೆಗೆ, ಅವರ ತೊಂಗ್ ಬಿನ್ ಬೆಂಕಿಗೆ. ಕೆರೆಯ ನೀರನ್ನಾದರೂ ಊರು ಕುಡಿಯಿತು.

ಈ ಸರ್ಕಾರಿ ಯಂತ್ರದೊಳಗೆ ಒಬ್ಬ ಅಧಿಕಾರಿ ಮಾತ್ರ ನನಗೆ ಪ್ರಿಯ. 1728ರಲ್ಲಿ ಜಿಂಗ್‌ದೆಜೆನ್‌ಗೆ ಬಂದ ತಾಂಗ್ ಯಿಂಗ್, ಕುಶಲಕರ್ಮಿಗಳ ಜೊತೆಯಲ್ಲೇ ಉಂಡು ಮಲಗಿ ಮೂರು ವರ್ಷ ಕೆಲಸ ಕಲಿತೆ ಎಂದು ತಾನೇ ಬರೆದುಕೊಂಡಿದ್ದಾನೆ. 1735ರಲ್ಲಿ 57 ಬಗೆಯ ಪಿಂಗಾಣಿಯ ಪಟ್ಟಿ ಮಾಡಿದ, 1743ರಲ್ಲಿ 20 ಚಿತ್ರಗಳಿಗೆ ಕೆಲಸದ ವಿವರ ಬರೆದ. ಆದರೆ ಅವನ ಕೈಕೆಳಗೆ ಆವಿಗೆ ಏನನ್ನು ಬೇಕಾದರೂ ಮಾಡಬಲ್ಲದಾಯಿತು. ಹಳೆಯ ಸೊಂಗ್ ವಂಶದ ಕಾಲದ ಮೆರುಗು, ಕಂಚು, ಮರ, ಅರಗು ಎಲ್ಲದರ ನಕಲು. ಎಲ್ಲ ರಾಗವನ್ನೂ ಹಾಡಬಲ್ಲ ಸಂಗೀತಗಾರನ ಕಛೇರಿಯಲ್ಲಿ ಕೊನೆಗೆ ಯಾವ ರಾಗವೂ ನೆನಪಿನಲ್ಲಿ ಉಳಿಯದ ಹಾಗೆ, ಆ ಪಾಂಡಿತ್ಯ ಬೇಗ ದಣಿಸುತ್ತದೆ. ಅವನ ಒಡೆಯ ಚಿಯೆನ್‌ಲೊಂಗ್ ಚಕ್ರವರ್ತಿ, ಸೊಂಗ್ ಕಾಲದ ‘ರು’ ಪಾತ್ರೆಗಳ ಮೇಲೆ ತನ್ನ ಪದ್ಯ ಕೆತ್ತಿಸಿದ. ಹಂಪಿಯ ಕಂಬದ ಮೇಲೆ ಹೆಸರು ಗೀಚುವವರಿಗೆ ಇದಕ್ಕಿಂತ ದೊಡ್ಡ ಮೇಲ್ಪಂಕ್ತಿ ಬೇಕೆ? ಜಗತ್ತಿನಲ್ಲಿ ನೂರಕ್ಕಿಂತ ಕಡಿಮೆ ಉಳಿದಿರುವ ಆ ‘ರು’ ಪಾತ್ರೆಗಳಲ್ಲಿ ಒಂದು, ಅಂಗೈಯಗಲದ ಕುಂಚ ತೊಳೆಯುವ ತಟ್ಟೆ, 2017ರಲ್ಲಿ 29.43 ಕೋಟಿ ಹಾಂಗ್‌ಕಾಂಗ್ ಡಾಲರಿಗೆ ಮಾರಾಟವಾಯಿತು.

ನಮ್ಮ ನಾಡಿಗೆ ಬಂದದ್ದು ಅರಮನೆಯ ಮಾಲಲ್ಲ, ವ್ಯಾಪಾರದ ಮಾಲು. ಹಂಪಿಯ ಶ್ರೀಮಂತರ ಬಡಾವಣೆಯ ಅಗೆತದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಅವುಗಳ ಸುತ್ತ ಸಿಕ್ಕ ಮಣ್ಣಿನ ಮಡಕೆಯ ರಾಶಿಯ ಮುಂದೆ ಅವು ಬೆರಳೆಣಿಕೆಯಷ್ಟು. ವಿಜಯಪುರದ ಗೋಲಗುಮ್ಮಟದ ನಗಾರಖಾನೆಯಲ್ಲಿ 1892ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲೂ ಚೀನೀ ಪಾತ್ರೆಗಳನ್ನು ನೋಡಬಹುದು. ದಖನ್ನಿನ ದರ್ಬಾರುಗಳು ಹಸಿರು ಮೆರುಗಿನ ಪಾತ್ರೆಯನ್ನು ‘ಗೋರಿ’ ಎಂದು ಕರೆದವು. ವಿಷ ಬಿದ್ದರೆ ಅದು ಬಿರಿಯುತ್ತದೆ ಎಂಬ ನಂಬಿಕೆ. ಸಂಯಮ, ಧ್ಯಾನ ಯಾವುದೂ ಅಲ್ಲ, ಜೀವಭಯ. ಅದೂ ಒಂದು ಪ್ರಾಮಾಣಿಕ ವಿಮರ್ಶೆಯೇ.

ಅರಮನೆಯ ಮಾಲು ದೊಡ್ಡ ಪ್ರಮಾಣದಲ್ಲಿ ಹೊರಬಿದ್ದದ್ದು 1860ರ ಅಕ್ಟೋಬರಿನಲ್ಲಿ, ಬ್ರಿಟಿಷ್ ಮತ್ತು ಫ್ರೆಂಚ್ ಪಡೆಗಳು ಬೀಜಿಂಗಿನ ಬೇಸಿಗೆ ಅರಮನೆಯನ್ನು ದೋಚಿದಾಗ. ಸುಡಲು ಆಜ್ಞೆ ಕೊಟ್ಟ ಲಾರ್ಡ್ ಎಲ್ಗಿನ್ ಎರಡೇ ವರ್ಷದಲ್ಲಿ ನಮಗೆ ವೈಸರಾಯ್ ಆಗಿ ಬಂದ. ಹಲಸೂರು ಕೆರೆಯ ಬದಿಯ ಮದ್ರಾಸ್ ಸ್ಯಾಪರ್ಸ್ ಸೇನಾಪಡೆಯ ಯುದ್ಧಗೌರವಗಳಲ್ಲಿ ‘ಪೀಕಿನ್ 1860’, ಅಂದರೆ ಅದೇ ಬೀಜಿಂಗ್, ಸೇರಿದೆ. ಹರಾಜಿನ ಪುಸ್ತಕಗಳು ಮೆರುಗಿನ ಬಗ್ಗೆ ಪುಟಗಟ್ಟಲೆ ಬರೆದು, ಬಟ್ಟಲು ಮನೆಬಿಟ್ಟ ಬಗೆಯನ್ನು ಒಂದು ಸಾಲಿನಲ್ಲಿ ದಾಟಿಸುವುದು ನನಗೆ ಸಹ್ಯವಾಗುವುದಿಲ್ಲ.

ಮೈಸೂರು ಸರ್ಕಾರಕ್ಕೂ ಒಂದು ಪಿಂಗಾಣಿ ಕಾರ್ಖಾನೆ ಇತ್ತು. 1930ರ ದಶಕದಲ್ಲಿ ಮಲ್ಲೇಶ್ವರದ ಆಚೆ, ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಎದುರು ಶುರುವಾದದ್ದು. 1976ರಲ್ಲಿ ಬಿಎಚ್‌ಇಎಲ್ ಕೈಗೆ ಹೋಯಿತು. ಹೆಸರಾದದ್ದು ಬಟ್ಟಲಿಗಲ್ಲ, ವಿದ್ಯುತ್ ತಂತಿಗೆ ಹಾಕುವ ಇನ್ಸುಲೇಟರಿಗೆ. ಅದಕ್ಕೂ ಒಂದೇ ಬಣ್ಣ, ಹುರಿದ ಕಾಫಿಬೀಜದ ಕಂದು, ಯಾವ ಪಂಕ್ತಿಯ ಮನೆಗೂ ಅದೇ. ಬನಶಂಕರಿಯ ನಮ್ಮ ರಸ್ತೆಯಲ್ಲಿ ಹಳೆಯ ಕಂಬ ಬದಲಿಸಿದಾಗ ಲೈನ್‌ಮನ್ ಒಂದನ್ನು ಕೊಟ್ಟುಹೋದ. ತಟ್ಟಿದರೆ ಠಣ್ ಎನ್ನುತ್ತದೆ. ಮಡಿಕೆಗಳ ಅಂಚಿನಲ್ಲಿ ಮೆರುಗು ತೆಳುವಾಗಿ ಜೇನಿನ ಬಣ್ಣಕ್ಕೆ ತಿರುಗಿದೆ, ಸಂದಿಯಲ್ಲಿ ಹೆಪ್ಪುಗಟ್ಟಿ ಕಪ್ಪಾಗಿದೆ, ಬುಡದಲ್ಲಿ ಮೆರುಗಿಲ್ಲದ ಒರಟು ಬಳೆ. ಅಮ್ಮನ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಸಡಿಲವಾಗಿತ್ತು. ಸದ್ಯಕ್ಕೆ ಇನ್ಸುಲೇಟರನ್ನು ಅದರ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಿದ್ದೇನೆ.