‘ದಿವಾಸ್ವಪ್ನ’ದ ಒಂಟಿ ಶಿಕ್ಷಕ

ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ 1930ರ ದಶಕದ ಆರಂಭದಲ್ಲಿ ಗುಜರಾತಿಯಲ್ಲಿ ಪ್ರಕಟವಾದ ಕಿರುಹೊತ್ತಗೆ. ಶಿಕ್ಷಕರ ಕೈಗಿಡಲು ಇದಕ್ಕಿಂತ ಪ್ರೀತಿಯ ಪುಸ್ತಕ ದೊರೆಯುವುದು ಕಷ್ಟ. ಅಧಿಕಾರಿಯಿಂದ ನಾಲ್ಕನೆಯ ತರಗತಿಯನ್ನು ಬೇಡಿ ಪಡೆದ ಶಿಕ್ಷಕನೊಬ್ಬ ಮೊದಲ ದಿನವೇ ಸೋಲುತ್ತಾನೆ. ಮಕ್ಕಳನ್ನು ಮೌನಕ್ಕೆ ಕರೆದರೆ ಅವರು ಗದ್ದಲವೆಬ್ಬಿಸುತ್ತಾರೆ. ಆಮೇಲೆ ಕಥೆ, ಆಟ, ಹೊರಸಂಚಾರಗಳಿಂದ ಅವರನ್ನು ಗೆಲ್ಲುತ್ತಾನೆ. ತನ್ನ ಸೋಲನ್ನು ಮುಚ್ಚಿಡದ ಈ ಪ್ರಾಮಾಣಿಕತೆಯೇ ಕೃತಿಯ ಜೀವಾಳ.

ಆದರೂ ಪರಿಸರ ಶಿಕ್ಷಣದ ದೃಷ್ಟಿಯಿಂದ ಮರಳಿ ಓದಿದಾಗ ಒಂದು ಕೊರತೆ ಕಾಣುತ್ತದೆ. ಕಥಾನಾಯಕನ ಸಹೋದ್ಯೋಗಿಗಳು ಕೊನೆಯವರೆಗೂ ಬಹುಮಟ್ಟಿಗೆ ಪ್ರೇಕ್ಷಕರೇ. ಅವರು ನಗುತ್ತಾರೆ, ಶಂಕಿಸುತ್ತಾರೆ, ಬೆರಗಾಗುತ್ತಾರೆ, ಜೊತೆಗೂಡಿ ಕಲಿಯುವುದಿಲ್ಲ. ವಿಚಿತ್ರವೆಂದರೆ ಲೇಖಕರ ಬದುಕು ಹೀಗಿರಲಿಲ್ಲ. ಭಾವನಗರದ ದಕ್ಷಿಣಾಮೂರ್ತಿಯಲ್ಲಿ ನಾನಾಭಾಯಿ ಭಟ್ಟ, ತಾರಾಬಾಯಿ ಮೋಡಕ್ ಅವರಂಥ ಒಡನಾಡಿಗಳಿದ್ದರು. ಆ ಒಡನಾಟವನ್ನು ಬದಿಗಿಟ್ಟು ಒಬ್ಬನೇ ವೀರನನ್ನು ಕಡೆದದ್ದು ಕಥೆಗೆ ಅನುಕೂಲವಾಯಿತು, ಓದುವ ಶಿಕ್ಷಕರಿಗೆ ಅಲ್ಲ.

ಹೂವಿನ ಹಿಪ್ಪರಗಿಯ ಸೀಮೆಯನ್ನೇ ನೋಡೋಣ. ಡೋಣಿ ಕಣಿವೆಯ ಎರೆಭೂಮಿ. ಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಜೋಳ ಬೆಳೆಯುವ ನಾಡು. ಡೋಣಿಯಲ್ಲಿ ಬೆಳೆ ಬಂದರೆ ಓಣಿಯೆಲ್ಲ ಜೋಳವೆಂದು ಹಿರಿಯರು ಹೆಮ್ಮೆಪಡುತ್ತಾರೆ. ಅದೇ ಹೊಳೆಯ ನೀರು ಉಪ್ಪು, ಹೂಳು ತುಂಬಿದ ಅದರ ಪಾತ್ರ ಮಳೆಗಾಲದಲ್ಲಿ ಹೊಲಗಳ ಮೇಲೆ ಉಕ್ಕುತ್ತದೆ. ಇದನ್ನು ಕಲಿಸಲು ಒಬ್ಬನ ಉತ್ಸಾಹ ಸಾಲದು. ವಿಜ್ಞಾನ ಬಲ್ಲವರಿಗೆ ಒಡ್ಡು ಹಾಕುವ ರೀತಿ ತಿಳಿಯದಿರಬಹುದು. ರೈತರ ಮನೆಯಿಂದ ಬಂದ ಕನ್ನಡ ಶಿಕ್ಷಕಿಗೆ ಅದು ಬಾಲ್ಯದ ಪಾಠ. ಊರ ಬಾವಿಯ ನೀರಿನ ಮಟ್ಟವನ್ನು ಮಕ್ಕಳಿಂದ ಬರೆಸಿದರೆ ಅರ್ಥ ಹುಟ್ಟಲು ಹಲವು ವರ್ಷ ಬೇಕು. ಶಿಕ್ಷಕರಿಗೋ ಅಷ್ಟರಲ್ಲಿ ವರ್ಗಾವಣೆ! ಜೊತೆಗಾರರಿಲ್ಲದಿದ್ದರೆ ಆ ವಹಿ ಕಪಾಟು ಸೇರುತ್ತದೆ.

ಒಗ್ಗೂಡಿ ಕಲಿತ ಶಿಕ್ಷಕರು ನಮ್ಮಲ್ಲಿಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಋಷಿವ್ಯಾಲಿಯ ಶಾಲೆಗಳನ್ನು ಕಂಡುಬಂದು, ಯುನಿಸೆಫ್ ನೆರವಿನಿಂದ, ತಾವೇ ಕುಳಿತು ಕಲಿಕಾ ಕಾರ್ಡುಗಳನ್ನು ರೂಪಿಸಿದರು. ಅದೇ ‘ನಲಿ ಕಲಿ’. 2009-10ರಲ್ಲಿ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಆದರೆ ಕೋಟೆಯ ಶಿಕ್ಷಕರಿಗೆ ತಮ್ಮ ಕೈಕೆಲಸವಾಗಿದ್ದದ್ದು ಉಳಿದವರಿಗೆ ಮೇಲಿನಿಂದ ಇಳಿದ ಸಾಮಗ್ರಿಯಾಯಿತು. ಕಾರ್ಡು ಬಂದಿತು, ಅದನ್ನು ಹುಟ್ಟಿಸಿದ ಮಾತುಕತೆ ಬರಲಿಲ್ಲ. ಪರಿಸರ ವಿಷಯದಲ್ಲಿ ಇದು ಇನ್ನೂ ದುಬಾರಿ: ಕಾಡಂಚಿನ ಕೋಟೆಯ ಕಾರ್ಡು ಎರೆಹೊಲದ ಮಗುವಿಗೆ ಏನು ಹೇಳೀತು?

ಕ್ಲಸ್ಟರಿನ ಸಮಾಲೋಚನಾ ಸಭೆಗಳು ಈ ಮಾತುಕತೆಗೆ ಸಹಜವಾದ ತಾಣ. ಸುತ್ತೋಲೆ ಓದಿ, ಅಂಕಿಅಂಶ ಒಪ್ಪಿಸಿ ಚಹಾ ಕುಡಿದು ಏಳುವ ಬದಲು ಅರ್ಧ ದಿನ ಒಂದೇ ಹಳ್ಳದ ಗುಂಟ ನಡೆದು, ಮೇಲಿನ ಊರಿನವರೂ ಕೆಳಗಿನ ಊರಿನವರೂ ಕಂಡದ್ದನ್ನು ಕೂಡಿ ಪಾಠವಾಗಿಸಬಹುದು. ‘ದಿವಾಸ್ವಪ್ನ’ವನ್ನು ಅಲ್ಲಿ ಓದಲೇಬೇಕು, ಆದರೆ ಜಗಳವಾಡುತ್ತ ಓದಬೇಕು. ಪುಸ್ತಕ ಒಂದು ವರ್ಷಕ್ಕೆ ಮುಗಿಯುತ್ತದೆ. ಆ ಮಕ್ಕಳು ಐದನೆಯ ತರಗತಿಗೆ ಹೋದಾಗ ಅವರನ್ನು ಬರಮಾಡಿಕೊಂಡ ಶಿಕ್ಷಕನ ಕಥೆ ಅದರಲ್ಲಿಲ್ಲ.