ಎದ್ದು ಹೋಗದ ಹುಡುಗ

ಪ್ರಿಮೊ ಲೆವಿಯ ‘ದಿ ಡ್ರೌನ್ಡ್ ಅಂಡ್ ದಿ ಸೇವ್ಡ್’ ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗ ಇದೆ. ಔಷ್‌ವಿಟ್ಸ್‌ನಿಂದ ಬದುಕಿ ಬಂದ ಲೆವಿ ಐದನೇ ಕ್ಲಾಸಿನ ಮಕ್ಕಳ ಮುಂದೆ ಮಾತಾಡ್ತಿದ್ದಾನೆ. ಒಬ್ಬ ಹುಡುಗ, ನೀವು ಯಾಕೆ ತಪ್ಪಿಸಿಕೊಳ್ಳಲಿಲ್ಲ ಅಂತ ಕೇಳ್ತಾನೆ. ಲೆವಿ ವಿವರಿಸಿದ್ರೂ ಅವನಿಗೆ ಸಮಾಧಾನ ಇಲ್ಲ. ಬೋರ್ಡಿನ ಮೇಲೆ ಕ್ಯಾಂಪಿನ ನಕ್ಷೆ ಬರೆಸ್ತಾನೆ: ಕಾವಲು ಗೋಪುರ, ಗೇಟು, ಮುಳ್ಳುತಂತಿ, ಕರೆಂಟಿನ ಕೇಂದ್ರ. ಆಮೇಲೆ ತನ್ನ ಉಪಾಯ ಹೇಳ್ತಾನೆ. ರಾತ್ರಿ ಕಾವಲುಗಾರನ ಕತ್ತು ಕುಯ್ದು, ಅವನ ಬಟ್ಟೆ ಹಾಕ್ಕೊಂಡು, ಕರೆಂಟ್ ತೆಗೆದು ಹೊರಟುಬಿಡಬೇಕಿತ್ತು. ಇನ್ನೊಂದ್ಸಲ ಹೀಗಾದ್ರೆ ನಾನು ಹೇಳಿದ ಹಾಗೆ ಮಾಡಿ ಅಂತ ಗಂಭೀರವಾಗಿ ಬುದ್ಧಿಮಾತೂ ಹೇಳ್ತಾನೆ.

ಮೊದಲ ಸಲ ಓದಿದಾಗ ನಕ್ಕುಬಿಟ್ಟೆ. ಎರಡನೇ ಸಲ ನಗು ಬರಲಿಲ್ಲ. ಹುಡುಗ ಗಮನ ಕೊಟ್ಟೇ ಕೇಳಿದ್ದ. ಆದರೂ ಅವನಿಗೆ ಕೇಳಿಸಿದ್ದು ತಾನು ನೋಡಿದ ಯಾವುದೋ ಸಿನಿಮಾ. ನಾನೂ ಹಾಗೇ ಓದ್ತಿದ್ದೀನಾ ಅನ್ನೋ ಅನುಮಾನ ಶುರುವಾಯ್ತು.

ಲೆವಿ ಹುಟ್ಟಿದ್ದು 1919ರಲ್ಲಿ, ಇಟಲಿಯ ಟ್ಯೂರಿನ್‌ನಲ್ಲಿ. ಓದಿದ್ದು ರಸಾಯನಶಾಸ್ತ್ರ. 1943ರ ಡಿಸೆಂಬರಿನಲ್ಲಿ ಸೆರೆಸಿಕ್ಕ. ಮುಂದಿನ ಫೆಬ್ರುವರಿಯಲ್ಲಿ 650 ಜನರಿದ್ದ ರೈಲಿನಲ್ಲಿ ಔಷ್‌ವಿಟ್ಸ್‌ಗೆ ಹೋದ. ಕೈ ಮೇಲೆ 174517 ಅಂತ ಹಚ್ಚೆ ಹಾಕಿದರು. 1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಬಂದಾಗ ಅವನಿನ್ನೂ ಬದುಕಿದ್ದ. ಕ್ಯಾಂಪಿನಲ್ಲಿ ಅವನಿಗೆ ಮತ್ತೆ ಮತ್ತೆ ಬೀಳುತ್ತಿದ್ದ ಕನಸೊಂದಿತ್ತು: ಮನೆಗೆ ಬಂದು ಎಲ್ಲ ಹೇಳ್ತಿದ್ದಾನೆ, ಯಾರೂ ಕೇಳ್ತಿಲ್ಲ, ತಂಗಿ ಮಾತಿಲ್ಲದೆ ಎದ್ದು ಹೋಗ್ತಾಳೆ. ಗೆಳೆಯನಿಗೆ ಹೇಳಿದರೆ, ಅವನಿಗೂ ಅದೇ ಕನಸು ಬೀಳ್ತಿತ್ತಂತೆ.

ವಾಪಸ್ ಬಂದ ಮೇಲೆ ಕನಸು ಅರ್ಧ ನಿಜವೂ ಆಯಿತು. ‘ಇಫ್ ದಿಸ್ ಈಸ್ ಎ ಮ್ಯಾನ್’ ಹಸ್ತಪ್ರತಿಯನ್ನು ಐನೌಡಿ ಪ್ರಕಾಶನ ಬೇಡ ಅಂದಿತು. 1947ರಲ್ಲಿ ಸಣ್ಣ ಪ್ರಕಾಶಕರೊಬ್ಬರು 2,500 ಪ್ರತಿ ತಂದರು. ಅದೇ ಐನೌಡಿ ಅದನ್ನು ಪ್ರಕಟಿಸಿದ್ದು 1958ರಲ್ಲಿ. ಲೆವಿ ಪೇಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡ್ತಾ, ಬರೀತಾ, ಶಾಲೆಗಳಿಗೆ ಹೋಗಿ ಹೇಳ್ತಾ ಇದ್ದ.

ಆ ಪುಸ್ತಕದ ತಣ್ಣಗಿನ ದನಿ ನನ್ನನ್ನು ಮೊದಮೊದಲು ದೂರ ಇಟ್ಟಿತ್ತು. ಇಷ್ಟೆಲ್ಲ ಅನುಭವಿಸಿದವನು ಯಾಕೆ ಕೂಗಾಡಲ್ಲ? ಲೆವಿಯ ಪ್ರಕಾರ ಸಾಕ್ಷಿಯ ಕೆಲಸ ಹೇಳೋದು, ತೀರ್ಪು ಕೊಡೋದು ಓದುಗನ ಕೆಲಸ. ಗಂಜಿ ಬಡಿಸುವಾಗ ಸಾಲಿನಲ್ಲಿ ಹಿಂದೆ ನಿಂತರೆ ಲಾಭ, ತಳದಲ್ಲಿರೋದು ಗಟ್ಟಿ ಅನ್ನೋದನ್ನ ಅವನು ಲೆಕ್ಕದ ಹಾಗೆ ಬರೀತಾನೆ. ಹೊಟ್ಟೆ ಹಿಂಡೋದು ನಮಗೆ.

1986ರಲ್ಲಿ, ಸಾಯೋದಕ್ಕೆ ಒಂದು ವರ್ಷ ಮೊದಲು ಬಂದ ‘ದಿ ಡ್ರೌನ್ಡ್ ಅಂಡ್ ದಿ ಸೇವ್ಡ್’ ಇನ್ನೂ ಕಷ್ಟದ ಪುಸ್ತಕ. ಜೀವಮಾನವಿಡೀ ಸಾಕ್ಷಿ ಹೇಳಿದವನು ಇಲ್ಲಿ ತನ್ನ ಸಾಕ್ಷಿಯನ್ನೇ ಪಾಟೀಸವಾಲಿಗೆ ಒಡ್ಡಿಕೊಳ್ತಾನೆ. ಪದೇ ಪದೇ ಹೇಳಿದ ನೆನಪು ಹೆಪ್ಪುಗಟ್ಟಿ, ನಿಜವಾದ ನೆನಪಿನ ಜಾಗದಲ್ಲಿ ಕೂತುಬಿಡುತ್ತೆ ಅಂತಾನೆ. ತಳ ಮುಟ್ಟಿ ಸತ್ತವರೇ ಪೂರ್ಣ ಸಾಕ್ಷಿಗಳು, ಬದುಕಿ ಬಂದ ನಾವು ಅವರ ಪರವಾಗಿ ಮಾತಾಡೋರು ಅಂತಾನೆ.

ಪುಸ್ತಕದ ಬಗ್ಗೆ ನನ್ನ ತಕರಾರೂ ಇದೆ. ಜಾನ್ ಅಮೆರಿ ಜೊತೆ ವಾದಕ್ಕಿಳಿಯುವ ಅಧ್ಯಾಯ ಅಮೆರಿಯನ್ನು ಓದದವರಿಗೆ ಒಣ ಅನ್ನಿಸುತ್ತೆ. ಗಂಜಿಯ ಪಾತ್ರೆಯ ತಳ ತೋರಿಸಿದ ಕೈ ಕೆಲವು ಕಡೆ ಬರೀ ವಾದ ಜೋಡಿಸುತ್ತೆ.

ಆದರೆ ಇಷ್ಟು ಅನುಮಾನ ಇಟ್ಟುಕೊಂಡೂ ಅವನು ಹೇಳೋದು ಬಿಡಲಿಲ್ಲವಲ್ಲ, ಅದಕ್ಕೇ ನಾನು ಅವನನ್ನು ನಂಬೋದು. ತನಗೆ ಎಲ್ಲ ನೆನಪಿದೆ, ನಾನೇ ಪ್ರಮಾಣ ಅಂದಿದ್ದರೆ ಇಷ್ಟು ನಂಬುತ್ತಿರಲಿಲ್ಲವೇನೋ.

ಆ ಹುಡುಗನನ್ನೂ ಲೆವಿ ಗೇಲಿ ಮಾಡಲ್ಲ. ಅಲ್ಲಿ ನಡೆದದ್ದಕ್ಕೂ ನಮ್ಮ ಕಲ್ಪನೆಗೂ ನಡುವೆ ಎಷ್ಟು ದೂರ ಇದೆ ಅಂತ ತೋರಿಸೋಕೆ ಅವನನ್ನು ಕರೀತಾನೆ, ಆ ದೂರ ವರ್ಷ ವರ್ಷ ಬೆಳೀತಿದೆ ಅಂತ ಎಚ್ಚರಿಸ್ತಾನೆ. ನನಗೆ ಮಾತ್ರ ಕನಸಿನ ತಂಗಿ ನೆನಪಾಗ್ತಾಳೆ. ಅವಳು ಎದ್ದು ಹೋದಳು. ಹುಡುಗ ತಪ್ಪು ತಿಳಿದುಕೊಂಡ, ವಾದ ಮಾಡಿದ, ಆದರೆ ಎದ್ದು ಹೋಗಲಿಲ್ಲ. ಸೀಮೆಸುಣ್ಣ ಹಿಡಿದು ನಕ್ಷೆ ಬರೆಯೋಕೆ ಲೆವಿಗೆ ಅಷ್ಟು ಸಾಕಾಗಿತ್ತು.