ಏಂಜಲ್ ಮರಿಗಳ ಮೊದಲ ಹದಿನೈದು ದಿನ

ಮನೆಯ ಟ್ಯಾಂಕಿನಲ್ಲಿ ಏಂಜಲ್ ಮೀನು ಮೊಟ್ಟೆಯಿಟ್ಟಿತೆಂದರೆ ಸಾಕಿದವರು ಗೆದ್ದೆವೆಂದು ಹಿಗ್ಗುತ್ತಾರೆ. ಹಿಗ್ಗಲಿ, ಆದರೆ ಗೆಲುವು ಇನ್ನೂ ದೂರವಿದೆ. ಹೊಂದಿಕೊಂಡ ಜೋಡಿ, 27–28 ಡಿಗ್ರಿ ಬೆಚ್ಚಗಿನ ನೀರು, ಹೊಟ್ಟೆ ತುಂಬ ಮೇವು ಇದ್ದರೆ ಮೊಟ್ಟೆ ಬಂದೇ ಬರುತ್ತದೆ. ಸಾಕುವವರ ಕೈಗುಣ ತಿಳಿಯುವುದು ಆಮೇಲಿನ ಹದಿನೈದು ದಿನಗಳಲ್ಲಿ. ಮಂಡ್ಯ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೇಷ್ಮೆಯಲ್ಲಿ ಚಾಕಿ, ಅಂದರೆ ಎಳೆಹುಳುವಿನ ಸಾಕಣೆ, ಕೆಟ್ಟರೆ ಮುಂದೆ ಎಷ್ಟು ಸೊಪ್ಪು ಹಾಕಿದರೂ ಗೂಡು ಕೈಗೆ ಹತ್ತುವುದಿಲ್ಲ. ಏಂಜಲ್ ಮರಿಯ ಲೆಕ್ಕವೂ ಅದೇ.

ಮೊದಲು ನೀರು. ಏಂಜಲ್‌ನ ತವರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. ಅಲ್ಲಿನ ನೀರು ಮೆದು. ಅಂಗಡಿಯಲ್ಲಿ ಸಿಗುವ ಏಂಜಲ್ ಎಷ್ಟೋ ತಲೆಮಾರಿನಿಂದ ತೊಟ್ಟಿಯಲ್ಲೇ ಹುಟ್ಟಿದ್ದು, ಗಡಸು ನೀರಿಗೂ ಒಗ್ಗುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ತೀರಾ ಗಡಸು ನೀರಿನಲ್ಲಿ ಮರಿಯಾಗುವ ಮೊಟ್ಟೆ ಕಡಿಮೆ. ಶ್ರೀರಂಗಪಟ್ಟಣದಲ್ಲಿ ಕಾವೇರಿ ನೀರು ಬಳಸುವವರು ಅದನ್ನು ಒಂದು ದಿನ ಗಾಳಿಯಾಡಿಸಿ ಕ್ಲೋರಿನ್ ಕಳೆದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ. ನಾಗಮಂಗಲದ ಒಣ ಹೋಬಳಿಗಳಲ್ಲಿ ಬೋರ್‌ವೆಲ್ ನೀರನ್ನೇ ನಂಬಿದವರ ಕಷ್ಟ ಬೇರೆ. ಮೊಟ್ಟೆಗಳೆಲ್ಲ ಬಿಳಿಚಿ ಬೂಸ್ಟು ಹಿಡಿದರೆ ಅವರು ಗಂಡು ಮೀನನ್ನು ದೂರುವ ಮೊದಲು ಮಳೆ ನೀರನ್ನೋ ಆರ್‌ಒ ನೀರನ್ನೋ ಬೆರೆಸಿ ನೋಡಬೇಕು. ಪಾಂಡವಪುರಕ್ಕೆ ಒಗ್ಗಿದ ಸಲಹೆ ಕೆ.ಆರ್. ಪೇಟೆಯ ಎಲ್ಲ ಮನೆಗೂ ಹೊಂದುವುದಿಲ್ಲ. ನಮ್ಮ ನಮ್ಮ ನಲ್ಲಿಯ ನೀರನ್ನು ಪರೀಕ್ಷೆ ಮಾಡಿಸಿಕೊಳ್ಳುವುದೇ ಮೇಲು.

ನನ್ನ ದೊಡ್ಡ ತಕರಾರು ಇರುವುದು ಮೊಟ್ಟೆಯಿಟ್ಟ ಗಳಿಗೆಯಲ್ಲೇ ಅದನ್ನು ಎತ್ತಿ ಬೇರೆ ಮಾಡುವ ರೂಢಿಯ ಬಗ್ಗೆ. ಮೊಟ್ಟೆ ಅಂಟಿದ ಪಿವಿಸಿ ಪೈಪನ್ನೋ ಕಡಪಾ ಕಲ್ಲಿನ ತುಂಡನ್ನೋ ಪುಟ್ಟ ಟ್ಯಾಂಕಿಗೆ ಸಾಗಿಸಿ, ಬೂಸ್ಟು ತಡೆಯಲು ಮಿಥಿಲೀನ್ ಬ್ಲೂ ಹಾಕಿ, ಗಾಳಿಯ ಗುಳ್ಳೆ ಬಿಡುತ್ತಾರೆ. ಮಾರಾಟಕ್ಕೆ ಸಾಕುವವರಿಗೆ ಇದರಿಂದ ಹೆಚ್ಚು ಮರಿ ಸಿಗುತ್ತದೆ, ಒಪ್ಪುತ್ತೇನೆ. ಆದರೆ ಏಂಜಲ್ ತನ್ನ ಮೊಟ್ಟೆಯನ್ನು ತಾನೇ ಕಾಯುವ ಜಾತಿ. ಗಂಡು ಹೆಣ್ಣು ಸರದಿಯಂತೆ ಎದೆಯ ರೆಕ್ಕೆಯಿಂದ ಗಾಳಿ ಬೀಸುತ್ತವೆ, ಕೆಟ್ಟ ಮೊಟ್ಟೆಯನ್ನು ಆರಿಸಿ ತೆಗೆಯುತ್ತವೆ. ಸುಮಾರು ಎರಡೂವರೆ ದಿನಕ್ಕೆ ಮೊಟ್ಟೆ ಒಡೆದು, ಬಾಲ ಅದುರಿಸುವ ಮರಿಗಳು ಎಲೆಗೆ ಅಂಟಿಕೊಂಡು ನೇತಾಡುತ್ತವೆ. ಒಂದು ಕೆಳಗೆ ಬಿದ್ದರೆ ತಾಯಿಯೋ ತಂದೆಯೋ ಬಾಯಲ್ಲಿ ಹಿಡಿದು ತಂದು ಮತ್ತೆ ಎಲೆಗೆ ಉಗುಳುತ್ತದೆ. ಹವ್ಯಾಸಕ್ಕೆ ಏಂಜಲ್ ಸಾಕುವವರು ಈ ನೋಟವನ್ನೇ ಕಳೆದುಕೊಂಡರೆ ಮತ್ತೇನು ಉಳಿಯಿತು? ಹೊಸ ಜೋಡಿ ಮೊದಲ ಒಂದೆರಡು ಸಲ ಮೊಟ್ಟೆ ತಿಂದುಬಿಡುವುದು ಸಾಮಾನ್ಯ. ಅಷ್ಟಕ್ಕೇ ಅವುಗಳಿಗೆ ಕೆಟ್ಟ ಹೆಸರಿಡಬಾರದು, ಇನ್ನೂ ಎರಡು ಮೂರು ಅವಕಾಶ ಕೊಡಬೇಕು. ಟ್ಯಾಂಕಿನ ಮುಂದೆ ಓಡಾಟ, ಅದೇ ಟ್ಯಾಂಕಿನಲ್ಲಿ ಬೇರೆ ಮೀನು, ರಾತ್ರಿ ದಿಢೀರನೆ ಆರಿಸುವ ದೀಪ, ಇವುಗಳಿಂದಲೂ ಜೋಡಿ ಗಾಬರಿಬಿದ್ದು ಮೊಟ್ಟೆ ನುಂಗುತ್ತದೆ.

ಮೊಟ್ಟೆಯೊಡೆದು ಐದಾರು ದಿನಕ್ಕೆ ಮರಿ ಈಜಲು ಶುರುಮಾಡುತ್ತದೆ. ಬಹಳಷ್ಟು ಮರಿಗಳು ಸಾಯುವುದು ಇಲ್ಲೇ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಹಾಕುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಮರಿ ತಿನ್ನುವುದು ಚೂರು, ಉಳಿದದ್ದು ತಳದಲ್ಲಿ ಕೊಳೆತು ರಾತ್ರಿ ಬೆಳಗಾಗುವುದರೊಳಗೆ ನೀರನ್ನು ವಿಷ ಮಾಡುತ್ತದೆ. ಉಪ್ಪುನೀರಿನ ಪುಟ್ಟ ಜೀವಿ ಆರ್ಟೀಮಿಯಾ ದುಬಾರಿ ಎನ್ನಿಸಿದರೂ ಅದೇ ಸರಿ. ಲೀಟರ್ ನೀರಿಗೆ 25–30 ಗ್ರಾಂ ಉಪ್ಪು ಬೆರೆಸಿ, ಅದರ ಮೊಟ್ಟೆ ಹಾಕಿ, ಬೆಳಕಿನಲ್ಲಿಟ್ಟು ಜೋರಾಗಿ ಗಾಳಿ ಬಿಟ್ಟರೆ ಒಂದು ದಿನ, ಒಂದೂವರೆ ದಿನದಲ್ಲಿ ಮರಿಯಾಗುತ್ತದೆ. ಗಾಳಿ ನಿಲ್ಲಿಸಿದಾಗ ಖಾಲಿ ಸಿಪ್ಪೆ ಮೇಲೆ ತೇಲುತ್ತದೆ. ಜೀವವಿರುವುದನ್ನು ಮಾತ್ರ ತೆಳು ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಾರದ ಮರಿ ಉಪವಾಸವಿದೆ ಎಂದೇ ಅರ್ಥ.

ಸ್ಪಂಜ್ ಫಿಲ್ಟರ್, ದಿನವೂ ಒಂದಿಷ್ಟು ನೀರು ಬದಲಾವಣೆ, ಇವೆರಡರಲ್ಲಿ ಸೋಮಾರಿತನ ಮಾಡಿದ್ದು ಮೀನಿನ ಮೈಯಲ್ಲಿ ಕಾಣುತ್ತದೆ. ಏಂಜಲ್‌ನ ಹೊಟ್ಟೆಯ ಕೆಳಗೆ ದಾರದಂತೆ ಇಳಿಬಿದ್ದ ಎರಡು ಉದ್ದನೆಯ ರೆಕ್ಕೆಗಳಿರುತ್ತವೆ. ಕೊಳಕು ನೀರಿನಲ್ಲಿ, ಕಿಕ್ಕಿರಿದ ಟ್ಯಾಂಕಿನಲ್ಲಿ ಬೆಳೆದ ಮರಿಗಳಲ್ಲಿ ಅವು ಮೊಂಡಾಗಿರುತ್ತವೆ, ಇಲ್ಲವೇ ಬಂದಿರುವುದೇ ಇಲ್ಲ. ಯಾರ ಸಾಕಣೆಯನ್ನಾದರೂ ಅಳೆಯಬೇಕಾದರೆ ನಾನು ಮರಿಗಳನ್ನು ಎಣಿಸುವುದಿಲ್ಲ, ಈ ರೆಕ್ಕೆಗಳನ್ನು ನೋಡುತ್ತೇನೆ.

2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮನೆಯ ಹಿತ್ತಲಿನಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ನಿಗದಿ ಮಾಡಿ, ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ 60 ಸಹಾಯಧನ ಇಟ್ಟರು. ಒಳ್ಳೆಯದೇ. ಆದರೆ ಶೆಡ್ಡು ಟ್ಯಾಂಕುಗಳಿಗೆ ದುಡ್ಡು ಕೊಟ್ಟಷ್ಟೇ ಕಾಳಜಿಯಿಂದ ಮರಿ ಸಾಕುವ ತರಬೇತಿಯನ್ನೂ ಕೊಡಬೇಕು. ಇಲ್ಲದಿದ್ದರೆ ಸಾಲ ಉಳಿಯುತ್ತದೆ, ಮೀನು ಉಳಿಯುವುದಿಲ್ಲ.

ಒಂದೇ ಜೋಡಿ ಒಂದು ಸಲಕ್ಕೆ ನೂರಾರು ಮೊಟ್ಟೆಯಿಡುತ್ತದೆ, ಮೊಟ್ಟೆ ತೆಗೆದರೆ ಎರಡು ವಾರದಲ್ಲಿ ಮತ್ತೆ ಇಡಬಹುದು. ಕೊಳ್ಳುವವರನ್ನು ಮೊದಲೇ ನೋಡಿಕೊಳ್ಳದವರ ಮನೆಯಲ್ಲಿ ಮರಿ ಹೆಚ್ಚಾಗಿ, ಕೊನೆಗೆ ಯಾರಾದರೂ ಅದನ್ನು ನಾಲೆಗೆ ಬಿಡಲು ಹೊರಡುತ್ತಾರೆ. ದಕ್ಷಿಣ ಅಮೆರಿಕದಿಂದ ಅಕ್ವೇರಿಯಂ ಮೀನಾಗಿ ಬಂದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ದೇಶದ ಹಲವು ಕೆರೆ ನದಿಗಳಲ್ಲಿ ಸಂತಾನ ಬೆಳೆಸಿಕೊಂಡಿದೆ. ಲೋಕಪಾವನಿ ಹೊಳೆಗೆ ಬಿಟ್ಟದ್ದು ಕರಿಘಟ್ಟದ ಬಳಿ ಕಾವೇರಿಗೇ ಸೇರುತ್ತದೆ. ಮರಿ ಹೆಚ್ಚಾದರೆ ಅಂಗಡಿಗೆ ಕೊಡಿ, ಗೆಳೆಯರಿಗೆ ಕೊಡಿ, ಜೋಡಿಯನ್ನು ಬೇರೆ ಬೇರೆ ಟ್ಯಾಂಕಿನಲ್ಲಿಡಿ. ದಯವಿಟ್ಟು ಕೆರೆಗೂ ಹೊಳೆಗೂ ಒಂದು ಮರಿಯನ್ನೂ ಬಿಡಬೇಡಿ.